ಜೇಬಿನಲ್ಲಿ ಆಧಾರ್ ಇಟ್ಟುಕೊಂಡ ಹುಡುಗ

ಸಿಂಧನೂರು ಕಡೆಯ ಒಂದು ಪಿಯು ಕಾಲೇಜಿಗೆ ವಾರಕ್ಕೊಮ್ಮೆ ಆಪ್ತಸಲಹೆಗೆ ಹೋಗುತ್ತೇನೆ. ‘ನೀನು ಹೊರಗಿನವನು’ ಅಂತ ಕಾಡಿಸಿಕೊಂಡ ಹುಡುಗರು ವರ್ಷಕ್ಕೆ ಇಬ್ಬರು ಮೂವರಾದರೂ ಬರುತ್ತಾರೆ, ಅದಕ್ಕೇ ಅವರಲ್ಲೊಬ್ಬನ ಬಗ್ಗೆ ಬರೆಯುತ್ತಿದ್ದೇನೆ. ಇವನನ್ನು ಸುಬ್ರತ ಅನ್ನೋಣ. ಅವನಿರುವ ಕ್ಯಾಂಪಿನ ನಂಬರ್ ಬೇಡ.

ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಈ ತಾಲ್ಲೂಕಿನಲ್ಲಿ ನೆಲೆ ಕೊಟ್ಟಿತ್ತು. ಜನ ಆರ್.ಎಚ್. ಕ್ಯಾಂಪ್ ಅನ್ನುತ್ತಾರೆ, ಅಂದರೆ ಪುನರ್ವಸತಿ (ರಿಹ್ಯಾಬಿಲಿಟೇಷನ್) ಕ್ಯಾಂಪ್. ಸುಬ್ರತನ ಅಜ್ಜ ಬಂದಾಗ ಬಾಂಗ್ಲಾದೇಶ ಅನ್ನೋ ದೇಶವೇ ಇರಲಿಲ್ಲ. ಅದು ಹುಟ್ಟಿದ್ದು 1971ರಲ್ಲಿ. ಆದರೂ ಕ್ಲಾಸಿನಲ್ಲಿ ಇವನ ಹೆಸರು ‘ಬಾಂಗ್ಲಾ’. ಕ್ರಿಕೆಟ್ ಮ್ಯಾಚಿನ ಮರುದಿನವಂತೂ ‘ನಿಮ್ ಟೀಮ್ ಸೋತ್ತಲ್ಲೋ’ ಅಂತ ಶುರು. ಎರಡು ವಾರ ಕಾಲೇಜಿಗೇ ಬರಲಿಲ್ಲ.

ಮೊದಲ ದಿನ ಅಂಗಿ ಜೇಬಿನಿಂದ ಆಧಾರ್ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟ. ಲ್ಯಾಮಿನೇಷನ್ ಅಂಚು ಎದ್ದಿತ್ತು, ಬೆವರಿಗೆ ಮೂಲೆ ಹಳದಿಯಾಗಿತ್ತು.

‘ಯಾರರ ಕೇಳಿದ್ರ ಇರ್ಲಿ ಅಂತ್ರಿ ಮೇಡಂ.’

‘ಯಾರು ಕೇಳಿದ್ದಾರೆ?’

‘ಇನ್ನೂ ಯಾರೂ ಕೇಳಿಲ್ರಿ.’

ಒಬ್ಬ ಮೇಷ್ಟ್ರು ಒಳ್ಳೆ ಮನಸ್ಸಿನಿಂದಲೇ ಕ್ಲಾಸಿನಲ್ಲಿ ಹೇಳಿದ್ದರಂತೆ: ‘ಟ್ಯಾಗೋರರು ನಮ್ಮ ರಾಷ್ಟ್ರಗೀತೆ ಬರೆದದ್ದು ಇವನ ಭಾಷೆಯಲ್ಲಿ. ನಗಬೇಡಿ.’ ಮಾತು ಖರೆ. ಆದರೆ ಅವತ್ತಿನಿಂದ ‘ಬಾಂಗ್ಲಾ’ ಜೊತೆಗೆ ‘ಜನಗಣಮನ’ ಅನ್ನೋ ಇನ್ನೊಂದು ಅಡ್ಡಹೆಸರು ಅಂಟಿತು.

ನಾನು ಇಡೀ ಕ್ಲಾಸಿಗೆ ಒಂದು ಕೆಲಸ ಕೊಟ್ಟೆ. 1947ರ ಆಗಸ್ಟ್ 15ರಂದು ನಿಮ್ಮ ಹಿರಿಯರು ಎಲ್ಲಿದ್ದರು, ಅದು ಯಾರ ಆಳ್ವಿಕೆಯಲ್ಲಿತ್ತು, ಮನೆಯಲ್ಲಿ ಕೇಳಿ ಬನ್ನಿ. ಮುಂದಿನ ವಾರ ಹಲಗೆ ಮೇಲೆ ಬರೆದೆವು. ಸಿಂಧನೂರು, ಮಾನ್ವಿ, ಗಂಗಾವತಿ ಮಕ್ಕಳದೆಲ್ಲ ‘ನಿಜಾಮ’. ಸಿರುಗುಪ್ಪದ ಹುಡುಗಿಯದು ‘ಮದ್ರಾಸ್’. ನಮ್ಮ ರಾಯಚೂರು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರ ನಂತರ. ಪ್ರತಿ ವರ್ಷ ಆ ದಿನ ಬಾವುಟ ಹಾರಿಸಿ ಲಾಡು ತಿಂದು ಬರುವ ಮಕ್ಕಳು, ಯಾಕೆ ಅಂತ ಕೇಳಿಯೇ ಇರಲಿಲ್ಲ.

‘ಹಂಗಾರ ನಮ್ಮಜ್ಜ ಅವತ್ತು ಭಾರತದಾಗ ಇರ್ಲೇ ಇಲ್ಲೇನ್ರಿ?’ ಅಂದ ಒಬ್ಬ. ಎಲ್ಲರೂ ನಕ್ಕರು.

ಆಗ ಎದ್ದು ನಿಂತವನು ಸುಬ್ರತನನ್ನು ಜಾಸ್ತಿ ಕಾಡುತ್ತಿದ್ದವನೇ. ತುಂಗಭದ್ರಾ ಕಾಲುವೆ ಬಂದ ಮೇಲೆ ಗುಂಟೂರು ಕಡೆಯಿಂದ ಬಂದು ಹೊಲ ಮಾಡಿದ ಮನೆತನ ಅವನದು. ಅಂಥವರು ನೆಲೆಸಿದ ಊರುಗಳಿಗೂ ಇಲ್ಲಿ ‘ಕ್ಯಾಂಪ್’ ಅಂತಲೇ ಹೆಸರು. ಹಲಗೆ ನೋಡುತ್ತಾ ನಿಧಾನವಾಗಿ ಹೇಳಿದ:

‘ನಮ್ದೂ ಕ್ಯಾಂಪೇ, ಅವಂದೂ ಕ್ಯಾಂಪೇ. ನಮ್ಮನ್ನ ಸಾವ್ಕಾರ್ ಅಂತಾರ್ರಿ. ಅವನ್ನ ಬಾಂಗ್ಲಾ ಅಂತಾರ.’

ಈ ಸಲ ಯಾರೂ ನಗಲಿಲ್ಲ. ನಾನೂ ಏನೂ ಸೇರಿಸಲಿಲ್ಲ. ಇಂಥ ಕಡೆ ಪಾಠ ಮಾಡುವ ಚಾಳಿ ನಮಗೆಲ್ಲ ಇದೆ, ಬಾಯಿ ಬಿಗಿ ಹಿಡಿದೆ. ಸುಬ್ರತ ಕೊನೆ ಬೆಂಚಿನಲ್ಲಿದ್ದ. ಅವನ ಹಾಳೆ ಓದು ಅಂತ ನಾನು ಕೇಳಲಿಲ್ಲ, ಅವನೂ ಕೈ ಎತ್ತಲಿಲ್ಲ.

ಅವನಿಗೆ ಕೊಟ್ಟ ಸಲಹೆ ಸಣ್ಣದು. ‘ಯಾವೂರು?’ ಅಂದರೆ ಕ್ಯಾಂಪಿನ ಹೆಸರು ಹೇಳು. ‘ಅದಕ್ಕೂ ಮೊದಲು?’ ಅಂದರೆ, ಮನಸ್ಸಿದ್ದರೆ ಅಜ್ಜನ ಕಥೆ ಹೇಳು, ಇಲ್ಲದಿದ್ದರೆ ‘ನಿಂದು?’ ಅಂತ ತಿರುಗಿ ಕೇಳು. ಕಾರ್ಡ್ ಮಾತ್ರ ತೋರಿಸಬೇಡ.

ಇದಕ್ಕೆ ಸಹೋದ್ಯೋಗಿಯೊಬ್ಬರು ಒಪ್ಪಲಿಲ್ಲ. ‘ಕಾನೂನು ಅವನ ಪರ ಇದೆ, ಅದನ್ನೇ ಹೇಳಿ ಬಾಯಿ ಮುಚ್ಚಿಸಬಾರದಾ?’ ಅಂದರು. ಕಾನೂನು ಅವನಿಗೆ ಹೇಳಿದ್ದೇನೆ, ರಾತ್ರಿ ನಿದ್ದೆ ಬರಲಿ ಅಂತ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅವನ ಅಪ್ಪ ಅಮ್ಮ ಇಬ್ಬರೂ ಅದಕ್ಕೂ ಮೊದಲೇ ಕ್ಯಾಂಪಿನಲ್ಲಿ ಹುಟ್ಟಿದವರು, ಹಾಗಾಗಿ ಅವನೂ ಭಾರತೀಯನೇ. ಆದರೆ ಹದಿನಾರರ ಹುಡುಗ ಕ್ಲಾಸಿನಲ್ಲಿ ಕಾಗದ ತೋರಿಸಲು ಶುರು ಮಾಡಿದರೆ, ಉಳಿದ ಐವತ್ತು ಮಂದಿ ಕಾಗದ ನೋಡುವ ಸಾಹೇಬರಾಗುತ್ತಾರೆ. ಇವತ್ತು ಇವನದು, ನಾಳೆ ಕಾಗದ ಕಳೆದುಕೊಂಡ ಇನ್ಯಾರದೋ. ನನ್ನ ಹಟ ಅನ್ನಿ ಬೇಕಾದರೆ.

ಅಡ್ಡಹೆಸರು ಪೂರ್ತಿ ಹೋಗಿಲ್ಲ. ಸಾವ್ಕಾರ್ ಹುಡುಗ ಕರೆಯೋದು ಬಿಟ್ಟಿದ್ದಾನೆ, ಇನ್ನಿಬ್ಬರು ಬಿಟ್ಟಿಲ್ಲ. ಸುಬ್ರತ ದಿನಾ ಬರುತ್ತಿದ್ದಾನೆ. ಕಳೆದ ಸಲ ನೋಡಿದಾಗ ಅಂಗಿ ಜೇಬಿನಲ್ಲಿ ಬರೀ ಪೆನ್ನಿತ್ತು.

‘ಕಾರ್ಡ್ ಮನೇಲಿಟ್ಟೆಯಾ?’

‘ಇಲ್ರಿ, ಬ್ಯಾಗಿನಾಗ ಐತಿ.’

ಇರಲಿ ಬಿಡು ಅಂದೆ.