ನಗೆಯ ಮಾಯಾಕಥೆಯಲ್ಲಿ ಖಳ ನಿಜಕ್ಕೂ ಹೆದರಿಸುವುದು ಹೇಗೆ?

ತಾನು ತಮಾಷೆಯ ಕಥೆಯಲ್ಲಿದ್ದೇನೆ ಅನ್ನುವುದು ಅವನಿಗೆ ಗೊತ್ತಿರಬಾರದು. ಉಳಿದವರೆಲ್ಲ ಎಡವಿ ಬೀಳಲಿ, ಅವನು ಮಾಡುವ ಹಾನಿ ಮಾತ್ರ ನಿಜವಾಗಿರಬೇಕು. ನಗೆಕಥೆಯಲ್ಲಿ ಬಿದ್ದವರು ಮೈ ಕೊಡವಿಕೊಂಡು ಏಳುತ್ತಾರೆ ಎಂದು ಓದುಗ ನಂಬಿರುತ್ತಾನೆ. ಒಬ್ಬ ಏಳದೇ ಹೋದರೆ ಆ ನಂಬಿಕೆ ಮುರಿದು ಭಯ ಹುಟ್ಟುತ್ತದೆ.

ಸಾಗರ, ತೀರ್ಥಹಳ್ಳಿ ಕಡೆ ಯಕ್ಷಗಾನದಲ್ಲಿ ಭಸ್ಮಾಸುರನ ಕಥೆ ನೋಡಿದವರಿಗೆ ಇದು ಥಟ್ಟನೆ ಅರ್ಥವಾದೀತು. ಯಾರ ತಲೆ ಮೇಲೆ ಕೈಯಿಟ್ಟರೂ ಬೂದಿ ಅನ್ನುವ ವರವೇ ಅರ್ಧ ತಮಾಷೆ. ಆದರೆ ಅದನ್ನು ಕೊಟ್ಟ ಶಿವನ ಮೇಲೇ ಪರೀಕ್ಷಿಸಲು ಹೊರಡುತ್ತಾನಲ್ಲ, ಅದೂ ದ್ವೇಷದಿಂದಲ್ಲ, ಹೊಸ ಕತ್ತಿಯ ಹರಿತ ನೋಡುವವನ ಹಾಗೆ! ನನ್ನ ಮಟ್ಟಿಗೆ ಯಾವ ಅಟ್ಟಹಾಸಕ್ಕಿಂತಲೂ ಇದು ಭಯಂಕರ. ಮುಂದೆ ಮೋಹಿನಿಯ ಜತೆ ಅವನು ಕುಣಿಯುವಾಗ ನಗು ಬರುತ್ತದೆ, ನಿಜ. ಆದರೂ ನಮ್ಮ ಕಣ್ಣೆಲ್ಲ ಆ ಕೈ ಮೇಲೆಯೇ.