ಮೊದ್ಲು ಕಾಲುವೆ, ಆಮೇಲೆ ಕೆರೆ

ಪ್ರಶ್ನೆ: ಸರ್, ನಾವು ಕೋಲಾರದವ್ರು, ಹನ್ನೆರಡು ಜನ ಇದೀವಿ. ಇಬ್ರು ಮೇಷ್ಟ್ರು, ಒಬ್ರು ಬ್ಯಾಂಕಿಂದ ರಿಟೈರ್ ಆದವ್ರು, ಮಿಕ್ಕವ್ರು ಕಾಲೇಜ್ ಹುಡುಗ್ರು. ಆರು ತಿಂಗಳಿಂದ ಪ್ರತಿ ಭಾನುವಾರ ನಮ್ಮ ಬಡಾವಣೆ ಪಕ್ಕದ ಕೆರೇಲಿ ಅಂತರಗಂಗೆ ಕಳೆ ಕೀಳ್ತಾ ಇದೀವಿ. ಎಷ್ಟು ಕಿತ್ರೂ ಮೂರನೇ ವಾರಕ್ಕೆ ಮತ್ತೆ ಹಸಿರು ಚಾಪೆ. ಹುಡುಗ್ರು ಬೇಜಾರಾಗಿ ಬರೋದು ಬಿಡ್ತಿದಾರೆ. ಜೆಸಿಬಿ ತರಿಸಿ ಒಂದೇ ಸಲ ಬಳಿದುಬಿಡೋಣ್ವಾ?

ಉತ್ತರ: ಅಂತರಗಂಗೆ ಬೆಟ್ಟದ ಬುಡದಲ್ಲಿ ಇದ್ಕೊಂಡು ಅಂತರಗಂಗೆ ಕಳೆ ಜೊತೆ ಗುದ್ದಾಟ! ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ಬರೋ ಆ ತಿಳಿನೀರಿಗೂ ಈ ಕಳೆಗೂ ಒಂದೇ ಹೆಸ್ರು ಇಟ್ಟವ್ರು ಯಾರೋ, ಸಿಕ್ರೆ ಕೇಳ್ಬೇಕು.

ಜೆಸಿಬಿ ಬೇಡ. ನೀವು ಕೀಳ್ತಿರೋದು ಕಾಯಿಲೆ ಅಲ್ಲ, ಅದ್ರ ಲಕ್ಷಣ ಅಷ್ಟೇ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡಕ್ಕೆ ಚರಂಡಿ ನೀರಲ್ಲಿರೋ ನೈಟ್ರೋಜನ್, ಫಾಸ್ಫರಸ್ಸೇ ಹಬ್ಬದೂಟ, ಊಟ ಚೆನ್ನಾಗಿ ಸಿಕ್ರೆ ಎರಡು ವಾರದಲ್ಲಿ ದುಪ್ಪಟ್ಟಾಗುತ್ತೆ, ಬೀಜ ಹೂಳಲ್ಲಿ ವರ್ಷಗಟ್ಟಲೆ ಸಾಯದೆ ಕೂತಿರುತ್ತೆ, ಹನ್ನೆರಡು ಜನ ಭಾನುವಾರ ಎರಡು ಗಂಟೆ ಕಿತ್ರೆ ಅದಕ್ಕೆ ಏನ್ ಲೆಕ್ಕ ಹೇಳಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ನೀರು ನಮ್ಮ ಜಿಲ್ಲೆ ಕೆರೆಗಳಿಗೆ ಬರ್ತಿದೆ, ಅದು ಬೆಂಗಳೂರಿನ ಚರಂಡಿ ನೀರನ್ನ ಎರಡನೇ ಹಂತದ ತನಕ ಶುದ್ಧ ಮಾಡಿ ಕಳಿಸೋದು, ಅದ್ರಲ್ಲೂ ಈ ಗೊಬ್ಬರದಂಶ ಪೂರ್ತಿ ಹೋಗಿರಲ್ಲ. ಆ ಯೋಜನೆ ಸರಿನೋ ತಪ್ಪೋ ಅನ್ನೋ ಜಗಳ ಇನ್ನೊಂದಿನ ಆಡೋಣ, ನಿಮ್ಮ ಕೆರೆಗೆ ಆ ನೀರು ಬರ್ತಿದ್ರೆ ಕಳೆನೂ ಜೋರಾಗೇ ಬರುತ್ತೆ ಅಂತ ಗೊತ್ತಿರ್ಲಿ ಅಷ್ಟೇ.

ಈ ಭಾನುವಾರ ಕೆರೆಗೆ ಇಳೀಬೇಡಿ. ಮೊಬೈಲಲ್ಲಿ ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ಸರ್ಕಾರಿ ಆ್ಯಪ್) ಹಾಕ್ಕೊಳ್ಳಿ, ಗ್ರಾಮ ನಕಾಶೆ ಒಂದು ಇಟ್ಕೊಳ್ಳಿ, ಕೆರೆಗೆ ನೀರು ಬರೋ ರಾಜಕಾಲುವೆ ಹಿಡ್ಕೊಂಡು ಮೇಲ್ಗಡೆಗೆ ನಡ್ಕೊಂಡು ಹೋಗಿ. ಎಲ್ಲೆಲ್ಲಿ ಯುಜಿಡಿ (ನೆಲದಡಿ ಒಳಚರಂಡಿ) ಪೈಪ್ ಸೋರಿ ಕಾಲುವೆಗೆ ಬೀಳ್ತಿದೆ, ಎಲ್ಲಿ ಚಪ್ಪಡಿ ಹಾಕಿ ಮುಚ್ಚಿದಾರೆ, ಎಲ್ಲಿ ಕಟ್ಟಡ ಒಡೆದ ಮಣ್ಣು ಸುರಿದಿದಾರೆ, ಒಂದೊಂದಕ್ಕೂ ಫೋಟೋ, ಜಾಗ, ತಾರೀಖು. ಆ ಪಟ್ಟಿ ಹಿಡ್ಕೊಂಡು ನಗರಸಭೆಗೆ ಹೋದ್ರೆ ‘ನೋಡೋಣ ಬಿಡಿ’ ಅಂತ ಕಳಿಸೋದು ಅವ್ರಿಗೂ ಸ್ವಲ್ಪ ಕಷ್ಟ.

ಕೆರೆಗೆ ಸೇರೋ ಮುಂಚೆ ಕಾಲುವೆಗೆ ಅಡ್ಡ ಒಂದು ಕಬ್ಬಿಣದ ಜಾಲರಿ ಹಾಕಿಸಿ, ಪರ್ಮಿಷನ್ ತಗೊಂಡೇ. ಪ್ಲಾಸ್ಟಿಕ್, ಥರ್ಮಾಕೋಲ್, ತೆಂಗಿನಬುರುಡೆ ಎಲ್ಲಾ ಅಲ್ಲೇ ನಿಲ್ಲುತ್ತೆ. ಆದ್ರೆ ವಾರಕ್ಕೊಂದ್ಸಲ ಖಾಲಿ ಮಾಡ್ಲೇಬೇಕು, ಮಳೆ ಬರೋ ಸೂಚನೆ ಇದ್ರೆ ಹಿಂದಿನ ದಿನವೇ, ಇಲ್ದಿದ್ರೆ ನೀರು ಕಟ್ಕೊಂಡು ತಗ್ಗಿನ ಮನೆಗಳಿಗೆ ನುಗ್ಗುತ್ತೆ. ಆಗ ಬೈಸ್ಕೊಳ್ಳೋದು ನೀವೇ.

ಕಳೆ ಕೀಳೋದೇ ಬೇಡ ಅಂತಲ್ಲ, ಹೂ ಬಿಟ್ಟು ಬೀಜ ಕಟ್ಟೋ ಮುಂಚೆ ಕೀಳಿ. ಕಿತ್ತಿದ್ದನ್ನ ದಡದಲ್ಲಿ ಗುಡ್ಡೆ ಹಾಕ್ಬೇಡಿ. ನಾವು ಒಂದ್ಸಲ ಹಂಗೇ ಎರಡು ಟ್ರಾಕ್ಟರ್ ಲೋಡ್‌ನಷ್ಟು ಗುಡ್ಡೆ ಹಾಕಿ, ಅದ್ರ ಮುಂದೆ ನಿಂತು ಫೋಟೋನೂ ತೆಗೆಸ್ಕೊಂಡು ಮನೆಗೆ ಹೋದ್ವಿ, ರಾತ್ರಿ ಮಳೆ ಬಂದು ಅರ್ಧಕ್ಕರ್ಧ ವಾಪಸ್ ಕೆರೆಗೆ! ಮೇಲ್ಗಡೆ ಎಳೆದು ಹರಡಿ ಒಣಗ್ಸಿ, ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ ಇರೋದು, ಒಣಗಿದ್ಮೇಲೆ ಹೊರೋದು ಸುಲಭ.

ಮತ್ತೆ ಆ ಜೆಸಿಬಿ. ಕೆರೆ ಅಂಗಳದಲ್ಲಿ ಯಂತ್ರ ತೋಡಿದ ಗುಂಡಿ ನೀರು ತುಂಬಿದ್ರೆ ಕಾಣಲ್ಲ, ಈಜೋಕೆ ಇಳಿದ ಮಕ್ಕಳು ಸಾಯೋದು ಅಂಥದ್ರಲ್ಲೇ. ಕೆರೆ ಯಾರ ಸುಪರ್ದಿಲಿದ್ಯೋ ಅವ್ರ ಅನುಮತಿ ಇಲ್ದೆ ಮುಟ್ಟೋ ಹಾಗೂ ಇಲ್ಲ, ಕೆರೆಗಳಿಗೆ ಅಂತಲೇ 2014ರ ಕಾಯ್ದೆ ಇದೆ. ನೀವೂ ಗಾಯ ಇದ್ದಾಗ ಆ ನೀರಿಗೆ ಇಳೀಬೇಡಿ, ಇಲಿಜ್ವರ ಬರ್ಬಹುದು.

ಪ್ರಶ್ನೆ: ತುಮಕೂರಿನಿಂದ ಬರೀತಿದೀನಿ. ಈ ಸಲ ಮಳೆಗಾಲಕ್ಕೆ ನಮ್ಮ ಕೆರೆ ಏರಿ ಮೇಲೆ 200 ಗಿಡ ಹಾಕ್ಬೇಕು ಅಂತಿದೀವಿ, ಯಾವ ಗಿಡ ಒಳ್ಳೇದು?

ಉತ್ತರ: ಏರಿ ಮೇಲೆ ಯಾವ್ದೂ ಬೇಡ, ಗರಿಕೆ ಸಾಕು. ಮಣ್ಣಿನ ಏರಿಲಿ ದೊಡ್ಡ ಮರದ ಬೇರು ಇಳಿದು, ಮುಂದೆ ಮರ ಸತ್ತು ಬೇರು ಕೊಳೆತ್ರೆ ಅಲ್ಲೇ ನೀರಿಗೆ ದಾರಿ ಆಗುತ್ತೆ. ‘ನಮ್ಮೂರ ಏರಿ ಮೇಲೆ ಹಳೇ ಹುಣಸೆಮರ ಇದ್ಯಲ್ಲ’ ಅಂತ ಕೇಳ್ತೀರ, ಗೊತ್ತು. ಇರೋದನ್ನ ಕಡೀಬೇಡಿ, ಹೊಸದು ಹಾಕ್ಬೇಡಿ. ಕಾಲುವೆ ಅಂಚಿಗೆ ಲಕ್ಕಿ, ಲಾವಂಚ, ಸ್ವಲ್ಪ ಮೇಲ್ಗಡೆ ಹೊಂಗೆ, ನೇರಳೆ, ಹೊಳೆಮತ್ತಿ. 200 ಬೇಡ, 40 ಹಾಕಿ, ಏಪ್ರಿಲಲ್ಲಿ ಯಾರು ನೀರು ಹೊತ್ತು ಹಾಕ್ತಾರೆ ಅಂತ ಈಗ್ಲೇ ಹೆಸ್ರು ಬರೆದಿಡಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಹಿಂದೆ ಕೆರೆ. ಜೊಂಡು ಎದೆ ಮಟ್ಟಕ್ಕೆ ಬೆಳ್ದಿದೆ, ಹಾವು ಬರುತ್ತೆ ಅಂತ ಅಕ್ಕಪಕ್ಕದವ್ರೆಲ್ಲ ಪೂರ್ತಿ ತೆಗೆಸಿ ಕಲ್ಲು ಕಟ್ಸೋಣ ಅಂತಾರೆ. ನಂಗೆ ಒಬ್ಳಿಗೇ ಬೇಡ ಅನ್ಸುತ್ತೆ. ನಾನು ಹೇಳೋದು ತಪ್ಪಾ?

ಉತ್ತರ: ಇಲ್ಲ ಮೇಡಂ, ನೀವೇ ಸರಿ. ಅಂಚಿನ ಆ ಮೊಳಕಾಲುದ್ದದ ನೀರಲ್ಲೇ ಕೊಕ್ಕರೆ ಮೇಯೋದು, ಜಂಬುಕೋಳಿ ಮರಿ ಮಾಡೋದು. ಸುತ್ತ ಕಲ್ಲು ಕಟ್ಟಿದ್ರೆ ಅದು ಕೆರೆ ಅಲ್ಲ, ತೊಟ್ಟಿ. ಜೊಂಡಿನ ಬುಡದಲ್ಲಿ ಹರಿಯೋ ನೀರಿನ ಹೂಳು ಅಲ್ಲೇ ನಿಲ್ಲುತ್ತೆ, ಕೊಳೆ ಒಂದಷ್ಟು ಬೇರು ಹೀರ್ಕೊಳ್ಳುತ್ತೆ. ಹಾಗಂತ ಹೆಂಗ್ ಬೇಕಾದ್ರೂ ಬೆಳೀಲಿ ಅಂತಲ್ಲ, ಬಿಟ್ರೆ ಕೆರೆನೇ ನುಂಗಿಬಿಡುತ್ತೆ. ವರ್ಷಕ್ಕೆ ಮೂರನೇ ಒಂದು ಭಾಗ ಕೊಯ್ಸಿ, ಅದೂ ಮಳೆಗಾಲ ಮುಗಿದ್ಮೇಲೆ, ಯಾಕಂದ್ರೆ ಗೀಜಗ ಗೂಡು ಕಟ್ಟೋದು ಮಳೆಗಾಲದಲ್ಲಿ. ಕೊಯ್ದಿದ್ದನ್ನ ಹೊರಗೆ ಸಾಗಿಸ್ಲೇಬೇಕು, ಅಲ್ಲೇ ಬಿಟ್ರೆ ಹೀರಿದ್ದೆಲ್ಲ ಕೊಳೆತು ವಾಪಸ್ ನೀರಿಗೆ.

ಹಾವಿನ ವಿಷ್ಯ: ನೀರಲ್ಲಿ ಕಾಣೋದು ಸಾಮಾನ್ಯವಾಗಿ ನೀರೊಳ್ಳೆ, ಕಚ್ಚೋದೇನೋ ಕಚ್ಚುತ್ತೆ, ವಿಷ ಇಲ್ಲ. ಭಯ ಇರ್ಬೇಕಾದ್ದು ದಡದ ಮೇಲಿನ ಒಣ ಕಸದ ಗುಡ್ಡೆಗೆ, ಅಲ್ಲಿ ಇಲಿ ಸೇರುತ್ತೆ, ಇಲಿ ಹಿಂದೆ ನಾಗರ, ಕೊಳಕುಮಂಡಲ. ನಿಮ್ಮ ಅಕ್ಕಪಕ್ಕದವ್ರು ಕಾಂಪೌಂಡ್ ಮೇಲಿಂದ ಎಸೆಯೋ ಕವರ್‌ಗಳ ಗುಡ್ಡೆ ಎಷ್ಟಿದೆ, ಒಂದ್ಸಲ ಗಮ್‌ಬೂಟ್ ಹಾಕ್ಕೊಂಡು ನೋಡ್ಕೊಂಡ್ ಬನ್ನಿ.