ಆಯ್ಲರ್ ವಿಧಾನ (ಡಿಫರೆನ್ಷಿಯಲ್ ಸಮೀಕರಣವನ್ನು ಸಣ್ಣ ಸಣ್ಣ ಸ್ಟೆಪ್ ಇಡುತ್ತ ಬಿಡಿಸುವ ಲೆಕ್ಕ) ಕನ್ವರ್ಜ್ ಆಗುತ್ತದೆ ಅಂತ ಪ್ರಮೇಯವೇ ಇದೆ, ಆದರೂ ವೈ′ = −1000 (ವೈ − ಕಾಸ್ ಟಿ) ಅನ್ನುವ ಸಮೀಕರಣದಲ್ಲಿ 0.01 ಸ್ಟೆಪ್‌ಗೆ ನನ್ನ ಉತ್ತರ ಯಾಕೆ ಹಾರಿಹೋಗುತ್ತದೆ?

ಪ್ರಮೇಯದ್ದೇನೂ ತಪ್ಪಿಲ್ಲ ಬಿಡ್ರಿ. ಸ್ಟೆಪ್ ಸೊನ್ನೆಯತ್ತ ಹೋದರೆ ತಪ್ಪೂ ಸೊನ್ನೆಯತ್ತ ಹೋಗುತ್ತದೆ ಅಂತಷ್ಟೇ ಅದು ಹೇಳುವುದು. 0.01 ಸಾಕಷ್ಟು ಸಣ್ಣದೋ ಅಲ್ಲವೋ ಅನ್ನುವ ಗೊಡವೆಗೇ ಅದು ಹೋಗುವುದಿಲ್ಲ. ಪ್ರಮೇಯದ ಸಾಧನೆಯಲ್ಲಿ ತಪ್ಪಿನ ಮಿತಿಗೆ ಬರುವ ಗುಣಾಂಕ ನೋಡಿ: ನಿಮ್ಮ ಸಮೀಕರಣವನ್ನು ಟಿ = 1ರವರೆಗೆ ಒಯ್ದರೆ ಅದು ಇ ಘಾತ 1000, ಅಂದರೆ 435 ಅಂಕಿಗಳ ಸಂಖ್ಯೆ. ಅಂಥ ಭರವಸೆ ತಗೊಂಡು ಏನು ಮಾಡೋದು?

ನೀವು ಕೊಟ್ಟ ಸಮೀಕರಣವನ್ನೇ ಕೈಯಿಂದ ಮಾಡಿ: ವೈ′ = −1000 (ವೈ − ಕಾಸ್ ಟಿ), ಶುರುವಿಗೆ ವೈ = 1. ನಿಜವಾದ ಉತ್ತರ ಕಾಸ್ ಟಿ ಪಕ್ಕದಲ್ಲೇ ಸುಮ್ಮನೆ ಸಾಗುತ್ತದೆ. ಮೊದಲ ಸ್ಟೆಪ್‌ನ ತಪ್ಪು 0.00004ರಷ್ಟು, ಕಣ್ಣಿಗೇ ಬೀಳುವುದಿಲ್ಲ. ಆದರೆ ಮುಂದಿನ ಪ್ರತಿ ಸ್ಟೆಪ್ ಹಳೆಯ ತಪ್ಪನ್ನು 1 − 1000 × 0.01, ಅಂದರೆ −9ರಿಂದ ಗುಣಿಸುತ್ತ ಹೋಗುತ್ತದೆ. ಹತ್ತನೇ ಸ್ಟೆಪ್‌ಗೆ ವೈ ಸುಮಾರು −13,900! ಸ್ಟೆಪ್ 0.002ರ ಒಳಗೆ ಬಂತೋ, ಗಲಾಟೆ ಮುಗಿಯಿತು. ಸ್ಟೆಪ್ಪಿಗೆ ಮೂಗುದಾರ ಹಾಕಿರುವುದು ನಿಮಗೆ ಬೇಕಾದ ನಿಖರತೆಯಲ್ಲ, ಉತ್ತರದಿಂದ ಎಂದೋ ಮಾಯವಾದ, ಇ ಘಾತ −1000 ಟಿ ಅನ್ನುವ ವೇಗದ ಭಾಗ. ಸ್ಟಿಫ್ ಅನ್ನುವುದು ಇದಕ್ಕೇ.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ನ್ಯೂಮರಿಕಲ್ ಮೆಥಡ್ಸ್ ಕಲಿಸುತ್ತೇನೆ. ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಇಲ್ಲೇ ಸಿಕ್ಕಿಬಿದ್ದು, ಇಲ್ಲದ ಬಗ್ ಹುಡುಕುತ್ತ ಕೂತುಬಿಡುತ್ತಾರೆ.

ಬ್ಯಾಕ್‌ವರ್ಡ್ ಆಯ್ಲರ್ (ಇಳಿಜಾರನ್ನು ಸ್ಟೆಪ್ಪಿನ ಶುರುವಿನ ಬದಲು ಕೊನೆಯಲ್ಲಿ ಹಿಡಿಯುವ ವಿಧಾನ) ಹಾಕಿದರೆ ಆ −9ರ ಜಾಗಕ್ಕೆ 1/11 ಬರುತ್ತದೆ, ತಪ್ಪು ಅಲ್ಲೇ ಅಡಗುತ್ತದೆ. ಎರಡೂ ತುದಿಯ ಇಳಿಜಾರಿನ ಸರಾಸರಿ ಹಿಡಿಯುವ ಟ್ರಪಿಝಾಯ್ಡಲ್ ಕೂಡ ಸ್ಥಿರವೇ, ಆದರೆ 0.1 ಸ್ಟೆಪ್‌ಗೆ ಅದರ ಗುಣಾಂಕ −49/51. ತಪ್ಪು ಬೇಗ ಸಾಯುವುದಿಲ್ಲ, ಬಹಳ ಹೊತ್ತು ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಎ-ಸ್ಥಿರವಾದ (ಇಂಥ ಕುಗ್ಗುವ ಸಮೀಕರಣಕ್ಕೆ ಎಷ್ಟೇ ದೊಡ್ಡ ಸ್ಟೆಪ್ ಹಾಕಿದರೂ ಹಾರಿಹೋಗದ) ಮಲ್ಟಿಸ್ಟೆಪ್ ವಿಧಾನದ, ಅಂದರೆ ಹಿಂದಿನ ಹಲವು ಸ್ಟೆಪ್ಪುಗಳ ಉತ್ತರ ಬಳಸುವ ವಿಧಾನದ ಆರ್ಡರ್ (ತಪ್ಪು ಸ್ಟೆಪ್ಪಿನ ಎಷ್ಟನೇ ಘಾತದಂತೆ ಇಳಿಯುತ್ತದೆ ಅನ್ನುವ ಅಳತೆ) 2 ದಾಟುವುದಿಲ್ಲ ಅಂತ ಗಣಿತಜ್ಞ ಡಾಲ್‌ಕ್ವಿಸ್ಟ್ 1963ರಲ್ಲೇ ತೋರಿಸಿಬಿಟ್ಟಿದ್ದಾರೆ.

ರುಂಗೆ-ಕುಟ್ಟಾಗೆ (ಒಂದೇ ಸ್ಟೆಪ್ಪಿನೊಳಗೆ ಹಲವು ಹಂತದಲ್ಲಿ ಇಳಿಜಾರು ಲೆಕ್ಕ ಹಾಕುವ ವಿಧಾನಗಳಿಗೆ) ಆ ಕಟ್ಟು ಇಲ್ಲ, ಆದರೆ ಅಲ್ಲಿ ಬೇರೆ ಕಿರಿಕಿರಿ. ಆ ಗುಂಪಿನದೇ ಆದ ಎರಡು ಹಂತದ ಗಾಸ್ ವಿಧಾನದ ಆರ್ಡರ್ ಪುಸ್ತಕದಲ್ಲಿ 4. ಸ್ಟಿಫ್ ಸಮೀಕರಣಕ್ಕೆ ದೊಡ್ಡ ಸ್ಟೆಪ್ ಹಾಕಿದರೆ ಅದು 2ಕ್ಕೆ ಇಳಿಯುತ್ತದೆ. ಪ್ರೊಥೆರೊ ಮತ್ತು ರಾಬಿನ್ಸನ್ 1974ರಲ್ಲಿ ನಿಮ್ಮದರಂಥದೇ ಸಮೀಕರಣ ಇಟ್ಟುಕೊಂಡು ಈ ಕುಸಿತವನ್ನು ಬಿಡಿಸಿ ತೋರಿಸಿದರು. ಹಾಗಾಗಿ ನಿಮ್ಮ ಲಾಗ್-ಲಾಗ್ ಗ್ರಾಫಿನಲ್ಲಿ (ಸ್ಟೆಪ್ಪಿಗೆ ಎದುರಾಗಿ ತಪ್ಪು, ಎರಡೂ ಲಾಗ್ ಅಳತೆಯಲ್ಲಿ) ಇಳಿಜಾರು 4ರ ಬದಲು 2ರ ಕಡೆ ಬಂದರೆ ಕೋಡ್ ಮುಟ್ಟಬೇಡ್ರಿ. ಸ್ಟೆಪ್ × 1000 ಒಂದಕ್ಕಿಂತ ಬಹಳ ಕಡಿಮೆಯಾದ ಮೇಲೆಯೇ 4 ಕಾಣಬೇಕಾದ್ದು, ಅಷ್ಟೊತ್ತಿಗೆ ರೌಂಡ್-ಆಫ್, ಅಂದರೆ ಕಂಪ್ಯೂಟರ್ ಅಂಕಿ ಕತ್ತರಿಸುವ ತಪ್ಪು, ಅಡ್ಡ ಬಂದರೂ ಬರಬಹುದು.